ಹಕಲ್‌ಬೆರಿಗೆ ಜಾಗ ಬಿಟ್ಟ ವಿಸ್ಕಿ

ಮೊಂಟಾನಾ ರಾಜ್ಯದ ಸಣ್ಣ ಡಿಸ್ಟಿಲರಿಗಳು ತಾವು ಭಟ್ಟಿ ಇಳಿಸಿದ ಮದ್ಯವನ್ನು ಅಲ್ಲೇ ಗಿರಾಕಿಗಳಿಗೆ ಬಗ್ಗಿಸಿ ಕೊಡಬಹುದು. ಆದರೆ ಒಬ್ಬರಿಗೆ ದಿನಕ್ಕೆ ಎರಡು ಔನ್ಸ್ ಮೀರುವ ಹಾಗಿಲ್ಲ. ನಾನು ಹೋದಾಗ ಇದ್ದ ಕಾನೂನು ಇದು. ಎರಡು ಔನ್ಸ್ ಎಂದರೆ ಅರವತ್ತು ಎಂ.ಎಲ್.ಗೆ ಕೂದಲೆಳೆಯಷ್ಟು ಕಮ್ಮಿ. ನಮ್ಮ ಬಾರುಗಳ ಲೆಕ್ಕದಲ್ಲಿ ಒಂದು ಲಾರ್ಜ್. ಕುಡಿಯುವವರಿಗೆ ಇದು ಕಂಜೂಸುತನ ಅನ್ನಿಸೀತು. ನನಗೆ ಮಾತ್ರ ಈ ಕಟ್ಟಳೆ ಮಾಡಿದವರ ಮೇಲೆ ಗೌರವವೇ ಬಂತು. ಒಂದು ವಿಸ್ಕಿ ಸಾವರ್‌ಗೆ ಬೇಕಾಗುವ ವಿಸ್ಕಿ ಸರಿಯಾಗಿ ಎರಡೇ ಔನ್ಸ್. ಒಂದು ಗ್ಲಾಸು ಕಲೆಸಿ ಕೊಟ್ಟರೆ ಆ ಗಿರಾಕಿಯ ಮಟ್ಟಿಗೆ ಅಂಗಡಿ ಮುಚ್ಚಿದಂತೆ. ಮೊದಲನೆಯದು ಕೆಟ್ಟರೆ ಎರಡನೆಯದರಲ್ಲಿ ಸರಿಮಾಡಿಕೊಳ್ಳುತ್ತೇನೆ ಅನ್ನಲು ಆಸ್ಪದವಿಲ್ಲ. ಹಾಗಾಗಿ ಅಲ್ಲಿ ಕೌಂಟರಿನ ಹಿಂದೆ ನಿಲ್ಲುವವರು ಆ ಒಂದು ಗ್ಲಾಸಿನ ಬಗ್ಗೆ ಬೇರೆಯವರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನನ್ನ ಗುಮಾನಿ.

ನಾನು ಹೊರಟದ್ದು ವಿಸ್ಕಿಗಲ್ಲ, ಹಣ್ಣಿಗೆ. ಅಕ್ಕನ ಮಗ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾನೆ. "ಮಾವ, ಬರೋದಾದ್ರೆ ಆಗಸ್ಟಲ್ಲೇ ಬನ್ನಿ. ಮೊಂಟಾನಾ ಕಡೆ ಕಾಡಲ್ಲಿ ಹಕಲ್‌ಬೆರಿ ಅಂತ ಒಂದು ಹಣ್ಣಿದೆ, ತೋಟದಲ್ಲಿ ಯಾರೂ ಬೆಳೆಯೋದಿಲ್ಲ. ಕೌಳಿ ಹಣ್ಣಿಗೆ ಗುಡ್ಡ ಹತ್ತಿದೋರು ನೀವು, ಇದನ್ನ ನೋಡದೆ ಹೋಗ್ಬೇಡಿ" ಎಂದ. ಅವನಿಗೆ ಇತ್ತೀಚೆಗೆ ಕಾಕ್‌ಟೇಲ್ ಕಲೆಸುವ ಹುಚ್ಚು ಹಿಡಿದಿತ್ತು. ಅಡುಗೆಮನೆಯ ಕಪಾಟಿನಲ್ಲಿ ಸಾರಿನ ಪುಡಿ ಡಬ್ಬಿಯ ಪಕ್ಕದಲ್ಲೇ ಶೇಕರು, ಅಳತೆಯ ಬಟ್ಟಲು, ಕಹಿ ಹನಿಗಳ ಪುಟ್ಟ ಸೀಸೆ ಜೋಡಿಸಿದ್ದ. ವಿಸ್ಕಿ ಸಾವರ್ ಅವನ ಅಚ್ಚುಮೆಚ್ಚು. ಅದಕ್ಕೆ ಮೊಟ್ಟೆಯ ಬಿಳಿ ಹಾಕಿ ಕುಲುಕಿದರೆ ಮೇಲೆ ಮೊಸರ ಕೆನೆಯಂಥ ನೊರೆ ನಿಲ್ಲುತ್ತದೆ. ಮಗ ಕುಡಿಯುತ್ತಾನೆ ಎಂಬುದನ್ನು ಅಕ್ಕ ಹೇಗೋ ಅರಗಿಸಿಕೊಂಡಾಳು, ಅದರಲ್ಲಿ ಮೊಟ್ಟೆ ಇದೆ ಎಂದರೆ ಮೂರು ದಿನ ಊಟ ಬಿಟ್ಟಾಳು. ಅದಕ್ಕೇ ಅವನು ಮನೆಯಲ್ಲಿ ಮಾಡುವಾಗ ಮೊಟ್ಟೆಯ ಬದಲು ಕಾಬೂಲಿ ಕಡಲೆ ಬೇಯಿಸಿದ ಕಟ್ಟನ್ನು ಹಾಕುತ್ತಾನೆ. ಇದು ಅವನ ಶೋಧವಲ್ಲ, ಅಲ್ಲಿನ ಸಸ್ಯಾಹಾರಿ ಬಾರುಗಳಲ್ಲೂ ಮಾಡುತ್ತಾರಂತೆ. ಕಡಲೆಯ ಕಟ್ಟು ಚೆನ್ನಾಗಿಯೇ ನೊರೆ ಕಟ್ಟುತ್ತದೆ. ಹತ್ತಿರ ಮೂಗು ತಂದರೆ ಮಾತ್ರ ಉಸಲಿಯ ನೆನಪು ಬರುತ್ತದೆ.

ವಿಸ್ಕಿ ಸಾವರ್ ಹಳೆಯ ಪಾನೀಯ. ಹಡಗಿನವರು ಸ್ಕರ್ವಿ ರೋಗಕ್ಕೆ ಹೆದರಿ ರಮ್ಮಿಗೆ ಹುಳಿರಸ, ಸಕ್ಕರೆ ಬೆರೆಸಿ ಕುಡಿಯುತ್ತಿದ್ದ ಕಾಲದಿಂದ ಈ ಬಳಗದ ವಂಶಾವಳಿ ಹೊರಡುತ್ತದೆ. 1862ರಲ್ಲಿ ಜೆರಿ ಥಾಮಸ್ ಎಂಬ ಬಾರ್‌ಟೆಂಡರ್ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ, ಅಮೆರಿಕದ ಮೊದಲ ಕಾಕ್‌ಟೇಲ್ ಪುಸ್ತಕದಲ್ಲಿ ಸಾವರ್‌ಗಳಿಗೆ ಆಗಲೇ ಜಾಗ ಸಿಕ್ಕಿತ್ತು. ಇವತ್ತಿನ ಅಳತೆ ಬಾಯಿಪಾಠ ಮಾಡುವಷ್ಟು ಸುಲಭ: ಎರಡು ಔನ್ಸ್ ವಿಸ್ಕಿ, ಮುಕ್ಕಾಲು ಔನ್ಸ್ ನಿಂಬೆರಸ, ಮುಕ್ಕಾಲು ಔನ್ಸ್ ಸಕ್ಕರೆ ಪಾಕ. ಬೇಕಿದ್ದವರಿಗೆ ಮೊಟ್ಟೆಯ ಬಿಳಿ. ಐಸ್ ಹಾಕಿ ಕುಲುಕಿ, ಸೋಸಿ, ಮೇಲೊಂದು ಚೆರಿ ಇಟ್ಟರೆ ಆಯಿತು. ಇಷ್ಟು ಸರಳವಾದದ್ದರಿಂದಲೇ ಇದನ್ನು ಎಲ್ಲರೂ ತಿದ್ದುತ್ತಾರೆ. ನ್ಯೂಯಾರ್ಕ್ ಸಾವರ್ ಎನ್ನುವವರು ಮೇಲೆ ಕೆಂಪು ವೈನ್ ತೇಲಿಸುತ್ತಾರೆ. ಸಕ್ಕರೆ ಬಿಟ್ಟು ಜೇನು ಹಾಕುವವರಿದ್ದಾರೆ. ಸರಳವಾದದ್ದನ್ನು ತಿದ್ದುವುದು ಸುಲಭ ಅಂದುಕೊಂಡೇ ಜನ ಅದನ್ನು ಹಾಳುಮಾಡುವುದು. ಮೂರೇ ಕಾಲಿನ ಸ್ಟೂಲಿಗೆ ನಾಲ್ಕನೆಯ ಕಾಲು ಸೇರಿಸಬೇಕಾದರೆ ಉಳಿದ ಮೂರನ್ನೂ ಮತ್ತೆ ಅಳೆದು ಕೊಯ್ಯಬೇಕಾಗುತ್ತದೆ.

ಸಿಯಾಟಲ್‌ನಿಂದ ರೈಲಿನಲ್ಲೇ ಹೋಗೋಣ ಎಂದು ನಾನೇ ಹಟ ಹಿಡಿದೆ. 'ಎಂಪೈರ್ ಬಿಲ್ಡರ್' ಎಂಬ ಗಾಡಿ ಸಂಜೆ ಹೊರಟು ಮರುದಿನ ಬೆಳಿಗ್ಗೆ ಮೊಂಟಾನಾ ಮುಟ್ಟಿಸುತ್ತದೆ. ಕಡಲ ದಂಡೆ ಹಿಡಿದು ಸ್ವಲ್ಪ ದೂರ ಹೋದ ಗಾಡಿ ಆಮೇಲೆ ಪೂರ್ವಕ್ಕೆ ತಿರುಗಿ ಕ್ಯಾಸ್ಕೇಡ್ ಬೆಟ್ಟಗಳನ್ನು ಹತ್ತುತ್ತದೆ; 1929ರಲ್ಲಿ ತೆರೆದ, ಹನ್ನೆರಡು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ನುಗ್ಗಿ ಆಚೆ ಬರುತ್ತದೆ. ನಡುರಾತ್ರಿ ಸ್ಪೋಕೇನ್‌ನಲ್ಲಿ ಪೋರ್ಟ್‌ಲೆಂಡ್ ಕಡೆಯಿಂದ ಬಂದ ಬೋಗಿಗಳನ್ನು ನಮ್ಮ ಗಾಡಿಗೆ ಜೋಡಿಸುತ್ತಾರೆ. ಆ ಗುದ್ದಿಗೆ ಎಚ್ಚರವಾದವನು ನಾನೊಬ್ಬನೇ ಇರಬೇಕು. ನಮ್ಮ ಕಡೆಯ ರೈಲಾಗಿದ್ದರೆ ಆ ಹೊತ್ತಿಗೆ ಚಹಾದವನು ಕೂಗುತ್ತಿದ್ದ. ಬೆಳಗಾದಾಗ ಎರಡೂ ಕಡೆ ಕಡುಹಸಿರು ಕಾಡು, ಕೆಳಗೆ ಹೊಳೆ. ನಡುನಡುವೆ ಸುಟ್ಟ ಇಳಿಜಾರುಗಳು ಬಂದವು. ಕೊಂಬೆಯಿಲ್ಲದ ಬೂದು ಕಾಂಡಗಳು ಸಾಲಾಗಿ ನಿಂತಿದ್ದವು, ಅವುಗಳ ಬುಡದಲ್ಲಿ ಮಾತ್ರ ದಟ್ಟ ಹಸಿರು. "ಮಾವ, ಅದೇ ನೋಡಿ. ಸುಟ್ಟ ಕಡೆನೇ ಹಣ್ಣು ಚೆನ್ನಾಗಿ ಬಿಡೋದು" ಎಂದ ಹುಡುಗ, ನಿದ್ದೆಗಣ್ಣಿನಲ್ಲೇ.

ವೈಟ್‌ಫಿಷ್‌ನಲ್ಲಿ ಇಳಿದು ಬಾಡಿಗೆ ಕಾರು ಹಿಡಿದು ಹೈವೇ 2ರಲ್ಲಿ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಕಡೆ ಹೊರಟರೆ ಹಕಲ್‌ಬೆರಿಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಹಂಗ್ರಿ ಹಾರ್ಸ್ ಎಂಬ ಊರಿನ ಹಾದಿಬದಿಯಲ್ಲಿ ಹಕಲ್‌ಬೆರಿ ಕಡುಬು, ಜಾಮು, ಜೇನು, ಐಸ್‌ಕ್ರೀಮು, ಚಾಕಲೇಟು, ಸಾಬೂನು, ಮೋಂಬತ್ತಿ. ಹಣ್ಣಿನ ಬಣ್ಣ ಬಳಿದ ಕರಡಿ ಗೊಂಬೆಗಳು ಬೇರೆ. ಕಾರಿನ ಡಿಕ್ಕಿ ತೆರೆದಿಟ್ಟು ತಾಜಾ ಹಣ್ಣು ಮಾರುವವರೂ ಇದ್ದರು. ಅಲ್ಲೊಬ್ಬ ಹಿರಿಯ ಹೆಂಗಸಿನ ಹತ್ತಿರ ದರ ಕೇಳಿದೆ. ಗ್ಯಾಲನ್ನಿಗೆ ಹೇಳಿದ ಬೆಲೆ ಕೇಳಿ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ಬಾಯಿ ಮುಚ್ಚಿಕೊಂಡೆ. ಆಕೆ ತನ್ನ ಬೆರಳು ತೋರಿಸಿದರು. ಉಗುರಿನ ಸಂದಿ, ಅಂಗೈ ಗೆರೆ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಬ್ಲೂಬೆರಿ ಗೊಂಚಲಾಗಿ ಬಿಡುತ್ತದೆ, ಒಮ್ಮೆ ಕೈ ಹಾಕಿದರೆ ಹಿಡಿಯಷ್ಟು ಬಂದೀತು. ಹಕಲ್‌ಬೆರಿ ಎಲೆಯ ಕಂಕುಳಲ್ಲಿ ಒಂದೊಂದೇ ಬಿಡುವ ಹಣ್ಣು, ಒಂದೊಂದನ್ನೇ ಬಿಡಿಸಬೇಕು. ಆ ಕೈ ನೋಡಿದ ಮೇಲೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಸಸ್ಯಶಾಸ್ತ್ರದಲ್ಲಿ ಇದು ವ್ಯಾಕ್ಸಿನಿಯಂ ಮೆಂಬ್ರನೇಸಿಯಮ್, ಬ್ಲೂಬೆರಿಯ ದಾಯಾದಿ. ದಾಯಾದಿಗಳ ಹಾಗೆಯೇ ಸ್ವಭಾವದಲ್ಲಿ ಅಜಗಜಾಂತರ. ಬ್ಲೂಬೆರಿ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ತೋಟಕ್ಕೆ ಒಗ್ಗಿ, ಈಗ ಬೆಂಗಳೂರಿನ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿಯವರೆಗೆ ಬಂದು ಕೂತಿದೆ. ಹಕಲ್‌ಬೆರಿ ಮಾತ್ರ ಬೆಟ್ಟ ಇಳಿಯಲು ಒಪ್ಪಿಲ್ಲ. ಐಡಹೊ ವಿಶ್ವವಿದ್ಯಾಲಯದ ಡ್ಯಾನ್ ಬಾರ್ನಿ ಎಂಬ ತೋಟಗಾರಿಕಾ ವಿಜ್ಞಾನಿ ಇದನ್ನು ಪಳಗಿಸಲು ವರ್ಷಗಟ್ಟಲೆ ದುಡಿದರು. ಆದರೂ ಅಂಗಡಿಗೆ ಬರುವ ಹಣ್ಣು ಇವತ್ತಿಗೂ ಕಾಡಿನದೇ. ಗಿಡ ನಿಧಾನಕ್ಕೆ ಬೆಳೆಯುತ್ತದೆ, ನೆಲದೊಳಗಿನ ಗೆಡ್ಡೆಬೇರಿನಿಂದ ಹಬ್ಬುತ್ತದೆ, ಚಳಿಗಾಲದಲ್ಲಿ ಮೈಮೇಲೆ ಹಿಮದ ಹೊದಿಕೆ ಇಲ್ಲದಿದ್ದರೆ ಚಿಗುರು ಸಾಯುತ್ತದೆ. ಸುಮಾರು ಮೂರೂವರೆ ಸಾವಿರ ಅಡಿಯಿಂದ ಏಳು ಸಾವಿರ ಅಡಿಯವರೆಗಿನ ಇಳಿಜಾರು ಅದರ ರಾಜ್ಯ. ಜುಲೈ ಕೊನೆಗೆ ಕೆಳಗಿನ ಬೆಟ್ಟದಲ್ಲಿ ಹಣ್ಣಾಗತೊಡಗಿ, ಸೆಪ್ಟೆಂಬರ್ ಹೊತ್ತಿಗೆ ಮೇಲಿನ ಬೆಟ್ಟಗಳಲ್ಲಿ ಮುಗಿಯುತ್ತದೆ. ಐಡಹೊ 2000ನೇ ಇಸವಿಯಲ್ಲಿ ಇದನ್ನು ತನ್ನ ರಾಜ್ಯದ ಹಣ್ಣೆಂದು ಸಾರಿತು, ಮೊಂಟಾನಾ 2023ರಲ್ಲಿ. ಬೆಳೆಯಲಾಗದ ಹಣ್ಣೊಂದನ್ನು ಎರಡು ಸರ್ಕಾರಗಳು ತಮ್ಮದೆನ್ನುವುದು ನನಗೆ ತಮಾಷೆಯಾಗಿ ಕಂಡಿತು.

ಮರುದಿನ ಕಾಡಿಗೆ ಹೋದೆವು. ನ್ಯಾಷನಲ್ ಪಾರ್ಕಿನೊಳಗೆ ತಲೆಗೆ ದಿನಕ್ಕೆ ಒಂದು ಕ್ವಾರ್ಟ್ ಕೊಯ್ಯಬಹುದು, ಅಂದರೆ ಒಂದು ಲೀಟರಿಗೆ ಚೂರು ಕಮ್ಮಿ. ಅದೂ ತಿನ್ನಲಿಕ್ಕೆ, ಮಾರಲಿಕ್ಕಲ್ಲ. ಸೊಂಟಕ್ಕೆ ಕರಡಿ ಓಡಿಸುವ ಖಾರದ ಸ್ಪ್ರೇ ಕಟ್ಟಿಕೊಂಡು ನಡೆಯಬೇಕು. ಗ್ರಿಝ್ಲಿ ಕರಡಿ ಚಳಿಗಾಲದ ದೀರ್ಘ ನಿದ್ದೆಗೆ ಮುಂಚೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಲು ಈ ಹಣ್ಣನ್ನೇ ನೆಚ್ಚಿಕೊಂಡಿರುತ್ತದೆ, ದಿನವಿಡೀ ತುಟಿಯಿಂದ ಬಿಡಿಸಿ ಬಿಡಿಸಿ ಸಾವಿರಾರು ತಿನ್ನುತ್ತದೆ. ಅದರ ಊಟದ ಮನೆಗೆ ಹೇಳದೆ ನುಗ್ಗಬಾರದು, ಅದಕ್ಕೇ ಮಾತಾಡುತ್ತಾ ಹೋಗಿ ಎಂದು ಹಾದಿಯ ಬಾಯಲ್ಲೇ ಹಲಗೆ ಬರೆದು ಹಾಕಿದ್ದರು. ಉಳಿದವರು "ಹೇ ಬೇರ್" ಎಂದು ಕೂಗುತ್ತಿದ್ದರು. ನಾವು ಕನ್ನಡದಲ್ಲಿ ಊರ ಜಮೀನು ವ್ಯಾಜ್ಯ ಮಾತಾಡಿದೆವು. ಆ ವಿಷಯಕ್ಕೆ ದನಿ ತಾನಾಗಿಯೇ ಏರುತ್ತದೆ. ಕರಡಿಗಳೂ ಹತ್ತಿರ ಸುಳಿಯಲಿಲ್ಲ.

ಗಿಡ ಮೊಣಕಾಲುದ್ದ, ಕೆಲವು ತೊಡೆಯವರೆಗೆ. ತೆಳು ಎಲೆ ಆಗಲೇ ಅಲ್ಲಲ್ಲಿ ಕೆಂಪಾಗುತ್ತಿತ್ತು. ಹಣ್ಣು ಕಡುನೇರಳೆ, ಕೆಲವು ಹೆಚ್ಚು ಕಡಿಮೆ ಕಪ್ಪು. ಬಾಯಿಗೆ ಹಾಕಿದೊಡನೆ ಮೊದಲು ಹುಳಿ, ಅದರ ಬೆನ್ನಿಗೇ ಸಿಹಿ, ಕೊನೆಗೆ ಸಿಪ್ಪೆಯ ಒಗರು. ಈ ಮೂರೂ ಮುಗಿದ ಮೇಲೆ ಒಂದು ಪರಿಮಳ ಮೂಗಿಗೇರಿ ಕೂರುತ್ತದೆ. ಅದು ಹೂವಿನದೂ ಅಲ್ಲ, ಕಾಯಿಸಿದ ಹಣ್ಣಿನದೂ ಅಲ್ಲ. ಹಣ್ಣನ್ನು ಹಿಚುಕಿ ನೋಡಿದೆ. ಅಂಗಡಿಯ ಬ್ಲೂಬೆರಿ ಒಳಗೆ ಬಿಳಿಚಿಕೊಂಡಿರುತ್ತದೆ, ಬಣ್ಣ ಸಿಪ್ಪೆಯಲ್ಲಷ್ಟೇ. ಇದರ ತಿರುಳಿನ ಉದ್ದಕ್ಕೂ ಬಣ್ಣ ಇಳಿದಿತ್ತು. ಹುಡುಗ ಆಗಲೇ ಲೆಕ್ಕ ಹಾಕುತ್ತಿದ್ದ: "ಇದಕ್ಕೆ ಬೋರ್ಬನ್ ಬೇಡ ಮಾವ, ರೈ ಸರಿ." ಅವನ ತರ್ಕ ಇಷ್ಟು. ಬೋರ್ಬನ್‌ನ ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಕನಿಷ್ಠ ಶೇ. 51 ಎಂದು ಕಾನೂನು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಕೂತು ಅದು ಸಿಹಿಯಾಗುತ್ತದೆ. ರೈ ವಿಸ್ಕಿಯಲ್ಲಿ ಅಷ್ಟೇ ಪಾಲು ರೈ ಧಾನ್ಯ, ಅದಕ್ಕೆ ಮೆಣಸಿನ ಚುರುಕು. ಸಿಹಿಯೂ ಇರುವ ಹಣ್ಣಿಗೆ ಸಿಹಿ ವಿಸ್ಕಿ ಕಟ್ಟಿದರೆ ಪಾನಕವಾದೀತು ಎಂಬುದು ಅವನ ಹೆದರಿಕೆ.

ಸುಟ್ಟ ಇಳಿಜಾರಿನಲ್ಲೇ ಹಣ್ಣು ಹೆಚ್ಚೇಕೆ ಎಂಬ ಪ್ರಶ್ನೆ ನನ್ನನ್ನು ರೈಲಿನಿಂದಲೇ ಕಾಡುತ್ತಿತ್ತು. ಮರ ದಟ್ಟವಾದಷ್ಟೂ ನೆರಳು ಹೆಚ್ಚುತ್ತದೆ, ನೆರಳಿನಲ್ಲಿ ಗಿಡ ಬದುಕಿರುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ. ಹದವಾದ ಬೆಂಕಿ ಮೇಲಿನದನ್ನು ಸುಟ್ಟು ಬಿಸಿಲಿಗೆ ದಾರಿ ಮಾಡುತ್ತದೆ, ಮಣ್ಣಿನೊಳಗಿನ ಬೇರು ಮತ್ತೆ ಚಿಗುರುತ್ತದೆ, ಕೆಲವು ವರ್ಷ ಕಳೆದ ಮೇಲೆ ಹಣ್ಣು. ಬೆಂಕಿ ಅತಿಯಾದರೆ ಬೇರೂ ಬೆಂದುಹೋಗುತ್ತದೆ. ಈ ಹದ ಇಲ್ಲಿನ ಮೂಲನಿವಾಸಿಗಳಿಗೆ ತಿಳಿದಿತ್ತು. ಕೊಯ್ಲು ಮುಗಿಸಿ ಬೆಟ್ಟ ಇಳಿಯುವಾಗ ಹಣ್ಣಿನ ಬಯಲುಗಳಿಗೆ ಬೆಂಕಿ ಕೊಟ್ಟು ಬರುತ್ತಿದ್ದರು. 1910ರ ಆಗಸ್ಟ್ 20 ಮತ್ತು 21ರಂದು ಐಡಹೊ, ಮೊಂಟಾನಾಗಳಲ್ಲಿ ಸುಮಾರು ಮೂವತ್ತು ಲಕ್ಷ ಎಕರೆ ಕಾಡು ಸುಟ್ಟು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದರಿಂದ ಬೆದರಿದ ಅರಣ್ಯ ಇಲಾಖೆ ಬೆಂಕಿಯನ್ನೇ ವೈರಿ ಎಂದು ತೀರ್ಮಾನಿಸಿತು. 1935ರಲ್ಲಿ ಬಂದ ನಿಯಮದಂತೆ, ಕಿಡಿ ಕಂಡರೆ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕಿತ್ತು. ಹಳೆಯ ಸುಟ್ಟ ಬಯಲುಗಳಲ್ಲಿ ಒಂದೆರಡು ದಶಕ ಹಣ್ಣು ಸುರಿಯಿತು; 1930ರ ಬಡತನದ ವರ್ಷಗಳಲ್ಲಿ ಕೆಲಸ ಕಳೆದುಕೊಂಡ ಜನ ಬೆಟ್ಟದ ಮೇಲೆ ಗುಡಾರ ಹಾಕಿ ಹಕಲ್‌ಬೆರಿ ಕೊಯ್ದು ಬದುಕಿದರು. ಆಮೇಲೆ ಮರಗಳು ಮೇಲೆದ್ದವು, ಬಯಲು ಮುಚ್ಚುತ್ತ ಬಂತು.

ಆ ಗುಡಾರಗಳಿಂದ ಜಗಳಗಳೂ ಹುಟ್ಟಿದವು. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಯಾಕಮಾ ಜನ ತಲೆಮಾರುಗಳಿಂದ ಕೊಯ್ಯುತ್ತಿದ್ದ ಬಯಲಿಗೆ ಹೊರಗಿನವರು ಸಾಲುಗಟ್ಟಿ ಬಂದಾಗ, 1932ರಲ್ಲಿ ಅವರ ಮುಖ್ಯಸ್ಥ ವಿಲಿಯಂ ಯಾಲಪ್ ಅರಣ್ಯಾಧಿಕಾರಿಯ ಕೈಕುಲುಕಿ ಒಂದು ಮಾತು ಪಡೆದರು: ಬಯಲಿನ ಒಂದು ಭಾಗ ಯಾಕಮಾ ಜನರಿಗೇ ಮೀಸಲು. ಅಂದು ಕೈಕುಲುಕಿ ಆಡಿದ ಮಾತನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ.

ಮೊಂಟಾನಾದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ, ನನಗೆ ಅದೇ ಹೆಚ್ಚು ಚುಚ್ಚಿದ್ದು. 1855ರ ಜುಲೈ 16ರಂದು ಈಗಿನ ಮಿಸೂಲಾ ಊರಿನ ಹತ್ತಿರ ಸೇಲಿಶ್, ಪಾಂಡೊರೇ, ಕೂಟನೈ ಜನರ ಮುಖಂಡರೂ ಗವರ್ನರ್ ಐಸಾಕ್ ಸ್ಟೀವನ್ಸ್ ಅವರೂ ಹೆಲ್‌ಗೇಟ್ ಒಪ್ಪಂದಕ್ಕೆ ರುಜು ಹಾಕಿದರು. ಆ ಜನ ಅಪಾರ ನೆಲ ಬಿಟ್ಟುಕೊಟ್ಟರು. ಪ್ರತಿಯಾಗಿ, ಬಿಟ್ಟುಕೊಟ್ಟ ನೆಲದಲ್ಲಿ ಯಾರೂ ತಮ್ಮದೆನ್ನದ ಕಡೆಗಳಲ್ಲಿ ಬೇಟೆಯಾಡುವ, ಗೆಡ್ಡೆ ಅಗೆಯುವ, ಬೆರಿ ಹಣ್ಣು ಆಯುವ ಹಕ್ಕು ಅವರಿಗೇ ಉಳಿಯುತ್ತದೆ ಎಂದು ಮೂರನೆಯ ಕಲಮು ಹೇಳುತ್ತದೆ. ಅದೇ ಕಾಗದದ ಇನ್ನೊಂದು ಕಲಮಿನಲ್ಲಿ ಮದ್ಯವೂ ಬರುತ್ತದೆ. ಮೀಸಲು ನೆಲಕ್ಕೆ ಮದ್ಯ ತಂದವನಿಗೆ, ಕುಡಿದವನಿಗೆ ಸರ್ಕಾರದಿಂದ ಬರಬೇಕಾದ ವಾರ್ಷಿಕ ಪಾಲನ್ನು ತಡೆಹಿಡಿಯಬಹುದು ಎಂದು. ಮೂಲನಿವಾಸಿಗಳಿಗೆ ಮದ್ಯ ಮಾರಬಾರದೆಂಬ ಅಮೆರಿಕದ ಒಕ್ಕೂಟದ ಕಾನೂನು ತೊಲಗಿದ್ದು 1953ರಲ್ಲಿ. ಹಣ್ಣು ಮತ್ತು ವಿಸ್ಕಿ, ಎರಡೂ ಒಂದೇ ದಸ್ತಾವೇಜಿನಲ್ಲಿವೆ. ಒಂದು ಉಳಿಸಿಕೊಂಡ ಹಕ್ಕಾಗಿ, ಇನ್ನೊಂದು ದಂಡದ ಕಾರಣವಾಗಿ. ಇವೆರಡನ್ನೂ ಒಂದೇ ಗ್ಲಾಸಿನಲ್ಲಿ ಕಲೆಸಿ, ಕರಡಿಯ ಚಿತ್ರವಿರುವ ಮೆನು ಕಾರ್ಡಿನಲ್ಲಿ ಹದಿನಾಲ್ಕು ಡಾಲರಿಗೆ ಮಾರುವಾಗ ಈ ಕಾಗದ ಯಾರಿಗೂ ನೆನಪಾಗುವುದಿಲ್ಲ. ನೆನಪಾಗಲೇಬೇಕು ಎಂದು ನಾನು ಹೇಳುತ್ತಿಲ್ಲ, ರಜೆಗೆ ಬಂದವರು ಬಾರಿಗೆ ಹೋಗುವುದು ಒಪ್ಪಂದ ಓದಲಿಕ್ಕಲ್ಲ. ಆದರೆ 'ಸ್ಥಳೀಯ' ಎಂಬ ಮಾತನ್ನು ಆ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವವರಿಗೆ ಆ ಹಣ್ಣಿನ ಬಯಲನ್ನು ಯಾರು ಸುಟ್ಟು ಸುಟ್ಟು ಉಳಿಸಿದರು ಎಂಬುದಾದರೂ ಗೊತ್ತಿರಲಿ.

ಮೆನು ಕಾರ್ಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಪ್ರವಾಸಿಗರ ಬಾರುಗಳಲ್ಲಿ ಹಕಲ್‌ಬೆರಿ ಹೆಸರಿನಲ್ಲಿ ಸಿಕ್ಕಿದ ಹೆಚ್ಚಿನ ಪಾನೀಯಗಳು ಕೆಟ್ಟದಾಗಿದ್ದವು. ಸೀಸೆಯ ಸಿರಪ್ಪನ್ನು ಮಾಮೂಲಿ ವಿಸ್ಕಿ ಸಾವರ್‌ಗೆ ಸುರಿದುಬಿಡುತ್ತಾರೆ. ಇದ್ದ ಸಕ್ಕರೆ ಇದ್ದ ಹಾಗೆಯೇ, ಅದರ ಮೇಲೆ ಸಿರಪ್ಪಿನ ಸಕ್ಕರೆ. ಹುಳಿ ಸಾಲದೆಂದು ಮತ್ತೆ ನಿಂಬೆ. ಕೊನೆಗೆ ಬಾಯಿಗೆ ಬರುವುದು ನೇರಳೆ ಬಣ್ಣದ ಶರಬತ್ತು, ವಿಸ್ಕಿ ಎಲ್ಲೋ ಗ್ಲಾಸಿನ ತಳದಲ್ಲಿ ಕೆಮ್ಮುತ್ತಿರುತ್ತದೆ. ಹಣ್ಣನ್ನು ಅಲಂಕಾರವೆಂದು ಬಗೆದರೆ ಹೀಗೇ ಆಗುವುದು. ಒಳ್ಳೆಯ ಅಡುಗೆಯವರು ಹುಣಸೆ ಹಾಕುವ ಸಾರಿಗೆ ಮುರುಗಲು ಹಾಕಬೇಕಾದಾಗ ಹುಣಸೆಯನ್ನು ತೆಗೆಯುತ್ತಾರೆ, ಎರಡನ್ನೂ ಹಾಕುವುದಿಲ್ಲ. ಇಷ್ಟು ಸಣ್ಣ ವಿವೇಕ ಆ ಬಾರುಗಳಲ್ಲಿ ಕಾಣಲಿಲ್ಲ.

ಹೈವೇ ಪಕ್ಕದ ಒಂದು ಡಿಸ್ಟಿಲರಿಯಲ್ಲಿ ಅದು ಕಂಡಿತು. ಮರದ ಕಟ್ಟಡ, ಒಳಗೆ ತಾಮ್ರದ ಭಟ್ಟಿ, ನಾಲ್ಕಾರು ಸ್ಟೂಲು. ಕೌಂಟರಿನ ಹಿಂದಿದ್ದ ಹೆಂಗಸು ಅದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು, ಚಿಕ್ಕಂದಿನಿಂದ ಹಣ್ಣು ಕೊಯ್ದವರು. ಯಾವ ಬೆಟ್ಟದಲ್ಲಿ ಎಂದು ಹುಡುಗ ಕೇಳಿದ. ನಕ್ಕು ಐಸ್ ತುಂಬಿಕೊಂಡರು. ಹಣ್ಣಿನ ಜಾಗವನ್ನು ಅಲ್ಲಿಯ ಜನ ನಂಟರಿಗೂ ಹೇಳುವುದಿಲ್ಲ. ಅಣಬೆ ಏಳುವ ಜಾಗದ ವಿಷಯದಲ್ಲಿ ನಮ್ಮ ಮಲೆನಾಡಿನವರೂ ಅಷ್ಟೇ.

ಅವರು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಮೊದಲು ಹಿಡಿಯಷ್ಟು ಹಣ್ಣನ್ನು ಶೇಕರಿಗೆ ಹಾಕಿ ಮರದ ಕಡ್ಡಿಯಿಂದ ಒತ್ತಿದರು. ಜಜ್ಜಲಿಲ್ಲ, ಹಣ್ಣು ಒಡೆಯುವಷ್ಟು ಮಾತ್ರ. ಜಾಸ್ತಿ ಜಜ್ಜಿದರೆ ಸಿಪ್ಪೆಯ ಒಗರು ಬಿಟ್ಟುಕೊಳ್ಳುತ್ತದೆ, ಪೆಕ್ಟಿನ್ ಸೇರಿ ರಸ ಲೋಳೆಯಾಗುತ್ತದೆ ಎಂದರು. ಆಮೇಲೆ ನಿಂಬೆರಸ. ಅದು ಬಿದ್ದ ಕೂಡಲೇ ಕಡುನೇರಳೆ ಇದ್ದದ್ದು ಕಣ್ಣೆದುರೇ ಕೆಂಪು ಗುಲಾಬಿಗೆ ತಿರುಗಿತು. ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಹುಳಿ ತಾಗಿದರೆ ಕೆಂಪಾಗುತ್ತದೆ, ಕ್ಷಾರ ತಾಗಿದರೆ ನೀಲಿಯಾಗುತ್ತದೆ. ದಾಸವಾಳದ ಹೂವನ್ನು ಅರೆದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನಾವು ಮಾಡಿದ್ದೂ ಇದನ್ನೇ. ನಿಂಬೆರಸ ಮುಕ್ಕಾಲು ಔನ್ಸ್ ಇರಲಿಲ್ಲ, ಅರ್ಧವೂ ಪೂರ್ತಿ ಇರಲಿಲ್ಲ. ಪಾಕವೂ ಅರ್ಧ. ಅದರ ಮೇಲೆ ಎರಡು ಔನ್ಸ್ ರೈ, ಕಾನೂನು ಕೊಟ್ಟಷ್ಟೂ. ಮೊಟ್ಟೆಯ ಬಿಳಿ ಹಾಕಿ ಮೊದಲು ಐಸ್ ಇಲ್ಲದೆ ಕುಲುಕಿದರು, ನೊರೆ ಕಟ್ಟಲಿಕ್ಕೆ. ಎರಡನೆಯ ಸಲ ಐಸ್ ಹಾಕಿ, ತಣ್ಣಗಾಗಲಿಕ್ಕೆ. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದಾಗ ಮೇಲೆ ತಿಳಿ ನೇರಳೆ ನೊರೆ ನಿಂತಿತು.

ನಾನು ಕೇಳಿದೆ, ಸ್ಥಳೀಯ ಅನ್ನುತ್ತೀರಿ, ಈ ನಿಂಬೆ ಎಲ್ಲಿಯದು? ಹಿಮ ಬೀಳುವ ಮೊಂಟಾನಾದಲ್ಲಿ ನಿಂಬೆಗಿಡ ಎಲ್ಲಿಂದ ಬರಬೇಕು. ಕ್ಯಾಲಿಫೋರ್ನಿಯಾದ್ದು ಎಂದರು. ಕೆಲವರು ಅದನ್ನೂ ಬಿಡಬೇಕೆಂದು ಹಟ ತೊಟ್ಟಿದ್ದಾರಂತೆ. ಅಲ್ಲಿನ ಹಿತ್ತಿಲುಗಳಲ್ಲಿ ರುಬಾರ್ಬ್ ಎಂಬ ಗಿಡ ಬೆಳೆಯುತ್ತಾರೆ. ಅದರ ಕೆಂಪು ದಂಟು ಹುಣಸೆ ಚಿಗುರಿನಷ್ಟು ಹುಳಿ. ಅದರ ರಸ ಹಿಂಡಿ ನಿಂಬೆಯ ಬದಲಿಗೆ ಹಾಕುತ್ತಾರೆ. ಇನ್ನು ಕೆಲವರು ಹಣ್ಣನ್ನು ವಿನೆಗರ್ ಮತ್ತು ಸಕ್ಕರೆಯಲ್ಲಿ ನೆನೆಸಿಟ್ಟು, ವಸಾಹತು ಕಾಲದ ಅಮೆರಿಕದಲ್ಲಿ ಮಾಡುತ್ತಿದ್ದ ಹುಳಿಪಾಕ ಮಾಡಿಕೊಳ್ಳುತ್ತಾರೆ. "ಎರಡನ್ನೂ ಮಾಡಿ ನೋಡಿದ್ದೇನೆ, ಚೆನ್ನಾಗಿಯೇ ಇರುತ್ತವೆ. ಆದರೆ ಕುಡಿದವರು ಇದು ವಿಸ್ಕಿ ಸಾವರ್ ಅಲ್ಲ ಅಂತಾರೆ, ಅವರು ಹೇಳುವುದು ಸರಿ" ಎಂದರು ಆಕೆ. ನನಗೂ ಅವರ ಪಕ್ಷವೇ ಸರಿ ಅನ್ನಿಸಿತು. ನಿಂಬೆಯ ವಾಸನೆ ಒಂದಿಷ್ಟಾದರೂ ಇದ್ದರೆ ನಾಲಗೆ ಹಳೆಯದನ್ನು ಗುರುತಿಸುತ್ತದೆ, ಗುರುತಿಸಿದ ಮೇಲೆಯೇ ಏನು ಬದಲಾಯಿತು ಎಂದು ಕಾಣುವುದು. ಶುದ್ಧ ಸ್ಥಳೀಯತೆಯ ಹಟಕ್ಕೆ ಬಿದ್ದವರು ಆ ಗುರುತನ್ನೇ ಒರೆಸಿಬಿಡುತ್ತಾರೆ. ಚೆರಿ ಮಾತ್ರ ಅಲ್ಲಿಯದೇ ಇತ್ತು. ಹತ್ತಿರದ ಫ್ಲ್ಯಾಟ್‌ಹೆಡ್ ಸರೋವರದ ದಂಡೆಯ ತೋಟಗಳ ಚೆರಿ ಆ ಸೀಮೆಯಲ್ಲೆಲ್ಲ ಹೆಸರುವಾಸಿ.

ರುಚಿ? ಮೊದಲು ನೊರೆ, ಅದಕ್ಕೆ ಹೆಚ್ಚು ರುಚಿಯಿಲ್ಲ. ಅದರಡಿಯಿಂದ ಹುಳಿ ಬರುತ್ತದೆ, ನಿಂಬೆಯ ಚೂಪಿಲ್ಲದ ದುಂಡು ಹುಳಿ. ಹಿಂದೆಯೇ ರೈ ವಿಸ್ಕಿಯ ಮೆಣಸು. ನುಂಗಿದ ಮೇಲೆ, ಕಾಡಿನಲ್ಲಿ ಹಣ್ಣು ತಿಂದಾಗ ಮೂಗಿಗೇರಿದ ಆ ಪರಿಮಳ ಇಲ್ಲೂ ಕೊನೆಗೇ ಬಂತು. ವಿಸ್ಕಿ ಅದನ್ನು ಮುಚ್ಚಿರಲಿಲ್ಲ. ನಿಂಬೆ, ಸಕ್ಕರೆ ಎರಡೂ ಅರ್ಧ ಹೆಜ್ಜೆ ಹಿಂದೆ ಸರಿದದ್ದರಿಂದ ಆದ ಜಾಗ ಅದು.

ಸಂಜೆ ಬಾಡಿಗೆ ಮನೆಯಲ್ಲಿ ಹುಡುಗ ಒಂದು ಪ್ರಶ್ನೆ ಎತ್ತಿದ: ನಮ್ಮ ಕಡೆ ಯಾಕೆ ಯಾರೂ ಹೀಗೆ ಮಾಡುವುದಿಲ್ಲ? ವಿಸ್ಕಿಗೆ ಬರವಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಸ್ಕಾಚ್ ಕುಡಿಯುವವರಿಗೇ ಕುಡಿಸಿತು. ನಮ್ಮ ಸೆಕೆಗೆ ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲು ಅಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು, ಅದೇ ಸೆಕೆಗೆ ಇಲ್ಲಿ ಮಾಲ್ಟು ಬೇಗ ಹಣ್ಣಾಗುತ್ತದೆ. ಹಣ್ಣಿಗೂ ಬರವಿಲ್ಲ, ಕೌಳಿ, ಕುಂಟುನೇರಳೆ, ಮುರುಗಲು ಎಲ್ಲ ಇವೆ. ಇಲ್ಲದ್ದು ಎರಡನ್ನೂ ಒಂದೇ ಮೇಜಿನ ಮೇಲೆ ಇಡುವ ಧೈರ್ಯ. ನಮ್ಮಲ್ಲಿ ಹಣ್ಣು ಅಜ್ಜಿಯ ಕಡೆಯದು, ವಿಸ್ಕಿ ಕದ ಹಾಕಿಕೊಂಡ ಕೋಣೆಯ ಕಡೆಯದು. ಕೊಡಗಿನವರು ಮಾತ್ರ ಮನೆಯಲ್ಲೇ ಹಣ್ಣಿನ ವೈನು ಮಾಡಿ ಅಜ್ಜಿಯ ಕೈಯಿಂದಲೇ ಬಡಿಸುತ್ತಾರೆ. ಈ ವಿಷಯದಲ್ಲಿ ಅವರು ನಮಗಿಂತ ನೇರ. "ಕೌಳಿ ಕಾಯಲ್ಲಿ ಹಾಲು ಇರತ್ತಲ್ಲ ಮಾವ, ಅದು ತುಟಿಗೆ ಅಂಟತ್ತೆ" ಎಂದು ಅವನೇ ಅಡ್ಡ ಹಾಕಿದ. ಪೂರ್ತಿ ಕಪ್ಪಾದ ಹಣ್ಣನ್ನೇ ಆಯ್ದುಕೊಂಡರೆ ಆ ಅಂಟು ಎಷ್ಟೋ ಕಮ್ಮಿ ಎಂದೆ. ಬರುವ ಮೇ ತಿಂಗಳಿಗೆ ಅವನು ಊರಿಗೆ ಬರುವವನಿದ್ದಾನೆ, ಅಕ್ಕ ಹಪ್ಪಳದ ಗಡಿಬಿಡಿಯಲ್ಲಿರುವಾಗ ನಾವು ಗುಡ್ಡ ಹತ್ತುವುದೆಂದು ಮಾತಾಗಿದೆ.

ಆ ಮನೆಯಲ್ಲಿ ಉಳಿದ ಹಣ್ಣಿನಿಂದ ಅವನು ಮಾಡಿದ, ನಾನು ಚೀಟಿಯಲ್ಲಿ ಬರೆದುಕೊಂಡ ಅಳತೆ ಇದು. ಹಣ್ಣು ಕಾಲು ಕಪ್ಪು, ಮೆಲ್ಲಗೆ ಒತ್ತಿದ್ದು. ನಿಂಬೆರಸ ಅರ್ಧ ಔನ್ಸಿಗೆ ಒಂದೆರಡು ಹನಿ ಕಡಿಮೆ. ಸಕ್ಕರೆ ಮತ್ತು ನೀರು ಸಮ ಸಮ ಕರಗಿಸಿದ ಪಾಕ ಅರ್ಧ ಔನ್ಸ್. ರೈ ಎರಡು ಔನ್ಸ್. ನೊರೆಗೆ ಮೊಟ್ಟೆಯ ಬಿಳಿ ಒಂದು, ಅಥವಾ ಕಡಲೆಯ ಕಟ್ಟು ಒಂದು ಔನ್ಸ್. ಕಟ್ಟು ಹಾಕುವವರು ಉಪ್ಪು ಹಾಕಿ ಬೇಯಿಸಿದ್ದನ್ನು ಬಳಸಬೇಡಿ. ಬೆಟ್ಟದ ಮೇಲ್ಭಾಗದ ಹಣ್ಣಾದರೆ ಹುಳಿ ಹೆಚ್ಚಿರಬಹುದು, ಒಂದು ತಿಂದು ನೋಡಿ ನಿಂಬೆಯನ್ನು ಇನ್ನೂ ಇಳಿಸಿ. ಹಕಲ್‌ಬೆರಿ ಸಿಗದವರು ಪೇಟೆಯ ಬ್ಲೂಬೆರಿ ಹಾಕಿಯೂ ಮಾಡಬಹುದು, ಆಗ ನಿಂಬೆರಸ ಹಳೆಯ ಮುಕ್ಕಾಲು ಔನ್ಸೇ ಇರಲಿ, ಪಾಕ ಮಾತ್ರ ಅರ್ಧ ಸಾಕು. ಕುಡಿಯಲು ಅದೂ ಚೆನ್ನಾಗಿರುತ್ತದೆ, ಹೆಸರು ಬ್ಲೂಬೆರಿ ಸಾವರ್ ಎಂದೇ ಇಡಿ.